ಮರ್ಡೊನ ಕುರಿಗಳಿಗೆ ಒಯ್ದ ತಂಪು

'ಪ್ರವಾಸದಿಂದ ಮನಸ್ಸು ವಿಶಾಲವಾಗುತ್ತದೆ' ಎಂಬ ವಿಷಯದ ಮೇಲೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ ಮಾತಾಡಿದ್ದೇನೆ. ಎರಡು ಸಲವೂ ಗೆದ್ದೆ. ಆಗ ನಾನು ನೋಡಿದ್ದ ಅತಿ ದೂರದ ಊರು ಮೈಸೂರು. ಹಾಗಾಗಿ ಸ್ಕಾಟ್ಲೆಂಡಿಗೆ ಹೊರಟಾಗ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಯಾವುದಕ್ಕೂ ಬಾಯಿ ಬಿಟ್ಟು ನಿಲ್ಲಬಾರದು. ಬೆರಗು ಅನ್ನುವುದು ಪ್ರಶ್ನೆ ಕೇಳುವುದನ್ನು ಮರೆತವರ ಸ್ಥಿತಿ ಎಂಬುದು ನನ್ನ ವಾದವಾಗಿತ್ತು. ವಾದ ಚೆನ್ನಾಗಿಯೇ ಇತ್ತು. ಆ ದೇಶಕ್ಕೆ ಅದು ಕೇಳಿಸಲಿಲ್ಲ, ಅಷ್ಟೇ.

ಇನ್ವರ್ನೆಸ್

ಲೊಕ್ಕನಹಳ್ಳಿಯ ನನ್ನ ದೊಡ್ಡಪ್ಪನ ಮಗಳು ರಾಜಿ ಅಕ್ಕ ಇನ್ವರ್ನೆಸ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ನೋಡಲು ದೊಡ್ಡಪ್ಪ, ದೊಡ್ಡಮ್ಮ ಹೊರಟರು. ಅವರಿಗೆ ಇಂಗ್ಲಿಷ್ ಬಾರದು. ಕಾನೂನು ಓದಿ ಮುಗಿಸಿ ಕೊಳ್ಳೇಗಾಲದ ಕೋರ್ಟಿಗೆ ಆಗಷ್ಟೇ ಓಡಾಡತೊಡಗಿದ್ದ ನನಗೆ ಮಾತು ಬಿಟ್ಟು ಬೇರೇನೂ ಬಾರದು. ಜೋಡಿ ಸರಿಹೋಯಿತು.

ಎರಡನೆಯ ವಾರ ಅಕ್ಕನಿಗೆ ರಜೆ ಸಿಗಲಿಲ್ಲ. ಆಗ ಪಕ್ಕದ ಮನೆಯ ಮೋರಾಗ್ ಎಂಬ ಮುದುಕಿ, ನಮ್ಮನ್ನು ನಾಲ್ಕು ಸಲ ಬೇಲಿಯ ಆಚೆಯಿಂದ ನೋಡಿದ್ದು ಬಿಟ್ಟರೆ ಪರಿಚಯವಿಲ್ಲದವಳು, ನೀವೇ ಸುತ್ತಾಡಿಕೊಂಡು ಬನ್ನಿ ಎಂದು ತನ್ನ ವ್ಯಾನಿನ ಕೀಲಿ ತಂದು ನನ್ನ ಕೈಗೆ ಇಟ್ಟಳು. ಊರಿನಲ್ಲಿ ಅಪ್ಪನ ಗೂಡ್ಸ್ ಟೆಂಪೋ ಓಡಿಸಿದ್ದ ಧೈರ್ಯ ನನಗಿತ್ತು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ. ಒಳಗೆ ನೋಡಿದರೆ ಒಂದು ಮನೆಯನ್ನು ಮಡಚಿ ಟೆಂಪೋದಲ್ಲಿ ಇಟ್ಟಂತಿತ್ತು: ಒಲೆ, ಮಂಚ, ಹೀಟರು, ಮೊಣಕಾಲೆತ್ತರದ ಫ್ರಿಜ್ಜು.

ಮೋರಾಗ್ ಫ್ರಿಜ್ಜಿನ ಪಾಠ ಮಾಡಿದಳು. ವ್ಯಾನಿನಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ನಿನದು, ಇನ್ನೊಂದು ಮನೆಯದು. ಹಗಲು ಓಡಾಡುವಾಗ ಫ್ರಿಜ್ಜು ಮನೆಯ ಬ್ಯಾಟರಿಯಿಂದ ಓಡುತ್ತದೆ. ಮಾಡಿನ ಮೇಲಿನ ಸೋಲಾರ್ ಹಲಗೆ ಆ ಬ್ಯಾಟರಿಯನ್ನು ತುಂಬುತ್ತದೆ. ಸಂಜೆ ತಂಗುದಾಣದಲ್ಲಿ ನಿಂತರೆ ಅಲ್ಲೊಂದು ಕಂಬವಿರುತ್ತದೆ. ಕಿತ್ತಳೆ ಬಣ್ಣದ ಉದ್ದನೆಯ ಕೇಬಲ್ಲನ್ನು ಅದಕ್ಕೆ ಚುಚ್ಚಿದರೆ ಮನೆ ಕರೆಂಟು ಬರುತ್ತದೆ. ಸೀಟಿನ ಕೆಳಗಿನ ಕೆಂಪು ಸ್ವಿಚ್ಚು ಮನೆಯ ಬ್ಯಾಟರಿಯದು. ಚಳಿಗಾಲಕ್ಕೆ ವ್ಯಾನನ್ನು ಮೂಲೆಗೆ ನಿಲ್ಲಿಸುವಾಗ ಮಾತ್ರ ಅದನ್ನು ಆರಿಸಬೇಕು. ಆರಿಸಿದರೆ ಕಂಬದ ಕರೆಂಟಿದ್ದರೂ ಫ್ರಿಜ್ಜು ಸತ್ತಹಾಗೆ.

ಇದನ್ನೆಲ್ಲ ನಾನು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಸ್ವಿಚ್ಚಿನ ಹತ್ತಿರ ಬಂದಾಗ "ಇದು ಬ್ಯಾಟರಿ ಸ್ವಿಚ್ಚು" ಎಂದು ಮುಗಿಸಿದೆ.

"ಗೊತ್ತು ಬುಡವ್ವ. ನಮ್ಗೂ ಅದ ಬ್ಯಾಟ್ರಿ," ಎಂದರು ದೊಡ್ಡಪ್ಪ.

ಆಮೇಲೆ ಮೋರಾಗ್ ಟೇಪು ಸುತ್ತಿದ ಒಂದು ಡಬ್ಬಿ ತಂದು ಫ್ರಿಜ್ಜಿನೊಳಗೆ ಇಟ್ಟಳು. ಅದರಲ್ಲಿ ಕುರಿಗಳ ಲಸಿಕೆ. ಅವಳ ತಮ್ಮ ಮರ್ಡೊ ಪಶ್ಚಿಮದ ಸಮುದ್ರದಲ್ಲಿರುವ ಲೂಯಿಸ್ ದ್ವೀಪದಲ್ಲಿ ಕುರಿ ಸಾಕುತ್ತಾನೆ. ದ್ವೀಪದ ಅಂಗಡಿಯಲ್ಲಿ ಲಸಿಕೆ ಮುಗಿದುಹೋಗಿದೆ. ಶನಿವಾರ ಊರವರೆಲ್ಲ ಸೇರಿ ಅವನ ಕುರಿಗಳನ್ನು ಗುಡ್ಡದಿಂದ ಇಳಿಸುತ್ತಾರೆ, ಅವತ್ತೇ ಚುಚ್ಚಬೇಕು. ಅಷ್ಟರೊಳಗೆ ನಾವು ಸುತ್ತಾಡುತ್ತ ಹೋಗಿ ಇದನ್ನು ಅವನಿಗೆ ತಲುಪಿಸಬೇಕು. ಮರಿ ಹಾಕುವ ಮುಂಚೆ ತಾಯಿಗೆ ಚುಚ್ಚಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ಕಾವಲು ಸಿಗುತ್ತದೆ. ಇಲ್ಲದಿದ್ದರೆ ಬೆಳಿಗ್ಗೆ ಕುಣಿಯುತ್ತಿದ್ದ ಮರಿ ಮಧ್ಯಾಹ್ನ ಸತ್ತು ಬಿದ್ದಿರುತ್ತದಂತೆ. ಡಬ್ಬಿ ತಣ್ಣಗಿರಬೇಕು, ಬಿಸಿಯಾದರೆ ಲಸಿಕೆ ಬರೀ ನೀರು.

"ಗಿಣ್ಣು ಅಂದ್ರ ಇಲ್ಲೂ ಗೊತ್ತಾ!" ದೊಡ್ಡಪ್ಪನ ಮುಖ ಅರಳಿತು. "ಏಳವ್ವ ಅವ್ರಿಗ, ನಮ್ ಎದ ಮೇಲ್ ಇಟ್ಕಂಡು ಓಯ್ತೀವಿ ಅಂತ."

ಹೇಳಿದೆ. ಮೋರಾಗ್ ಎದೆಯ ಮೇಲೆ ಬೇಡ, ಫ್ರಿಜ್ಜಿನಲ್ಲೇ ಇರಲಿ ಎಂದಳು.

ಲಾಕ್‌ಇನ್ವರ್

ಊರು ದಾಟಿದ ಮೇಲೆ ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿಯಿತು. ಎದುರು ಬಂದವರು ದೂರದಲ್ಲೇ ಒಂದು ಬದಿಯ ತಗ್ಗಿನಲ್ಲಿ ನಿಂತು ನಮಗೆ ದಾರಿ ಬಿಡುತ್ತಾರೆ. ದಾಟುವಾಗ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಬೇಕು, ಅವರೂ ಒಂದು ಬೆರಳು ಎತ್ತುತ್ತಾರೆ. ಹನೂರು ರಸ್ತೆಯಲ್ಲಿ ನಾನು ಹಾರನ್ ಒತ್ತಿ ಗೆದ್ದವಳು. ಇಲ್ಲಿ ಸೋಲುವುದಕ್ಕೆ ಪೈಪೋಟಿ. ಒಮ್ಮೆ ಇಬ್ಬರೂ ನಿಂತುಬಿಟ್ಟು, ನೀವು ಬನ್ನಿ, ನೀವು ಬನ್ನಿ ಎಂದು ದೀಪ ಮಿಣುಕಿಸಿ, ಕಡೆಗೆ ಇಬ್ಬರೂ ಒಟ್ಟಿಗೇ ಹೊರಟು ಮತ್ತೆ ನಿಂತೆವು.

ಮತ್ತೆ ಆ ಬೆಟ್ಟಗಳು. ಬಿಳಿಗಿರಿರಂಗನ ಬೆಟ್ಟಕ್ಕೆ ಸುತ್ತಮುತ್ತ ನೆಂಟರಿಷ್ಟರಿದ್ದಾರೆ. ಒಂದರ ಭುಜ ಇನ್ನೊಂದಕ್ಕೆ ತಾಗುತ್ತದೆ, ಮೈತುಂಬ ಕಾಡು. ಇಲ್ಲಿ ಬಟಾಬಯಲಿನ ನಡುವೆ ಒಂದೊಂದೇ ಕಲ್ಲುಬೆಟ್ಟ, ಯಾರ ಹಂಗೂ ಇಲ್ಲದೆ ಎದ್ದು ನಿಂತಿತ್ತು. ಮರವಿಲ್ಲ, ಮನೆಯಿಲ್ಲ, ದೇವಸ್ಥಾನವಿಲ್ಲ. ಬೆಟ್ಟದ ಕಾಲ ಬುಡದ ಕೆರೆಯಲ್ಲಿ ಅದರದೇ ನೆರಳು ತಲೆಕೆಳಗಾಗಿ ನಿಂತಿತ್ತು. ನಾನು ವ್ಯಾನು ನಿಲ್ಲಿಸಿದೆ. ಹೇಳಲು ಏನೋ ಒಂದು ವಾಕ್ಯ ಹುಡುಕಿದೆ. ಸಿಗಲಿಲ್ಲ.

"ಎದುರ್ಗಡ ಗಾಡಿ ಬತ್ತಾ ಅದ್ಯಾ?" ಎಂದರು ದೊಡ್ಡಮ್ಮ, ಹಿಂದಿನಿಂದ.

"ಇಲ್ಲ."

"ಮತ್ ಯಾಕ್ ನಿಂತ್ಯವ್ವ? ಬೆರಳ್ ಎತ್ತಿ ಓಗು."

ಲಾಕ್‌ಇನ್ವರ್ ಎಂಬ ಊರಿನ ತಂಗುದಾಣ ಸಮುದ್ರದ ಅಂಚಿನ ಹುಲ್ಲುಗಾವಲು. ಅಲ್ಲಿ ಮೋರಾಗ್ ಹೇಳಿದ್ದ ಕಂಬ ಮೊಣಕಾಲೆತ್ತರಕ್ಕೆ ನಿಂತಿತ್ತು. ಸುತ್ತ ಕಾವಲಿಲ್ಲ, ಬೀಗವಿಲ್ಲ. ದೊಡ್ಡಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದ್ಕ ಕಾವ್ಲು ಯಾರವ್ವ?"

"ಯಾರೂ ಇಲ್ಲ ದೊಡ್ಡಪ್ಪ."

"ಕರೆಂಟು ಎಷ್ಟೊತ್ಗ ಓಯ್ತದ?"

"ಹೋಗಲ್ಲ."

"ಓಗ್ದೆ ಇರ ಕರೆಂಟು ಯಾವ್ದವ್ವ ಅದು?" ಎಂದು ನನ್ನನ್ನು ಸುಳ್ಳುಗಾರ್ತಿಯ ಹಾಗೆ ನೋಡಿದರು.

ಅವರ ಸಂಶಯ ನ್ಯಾಯವಾದದ್ದೇ. ನಮ್ಮ ಕಡೆ ಹೊಲದ ಮೋಟರಿಗೆ ಕರೆಂಟು ಬರುವುದಕ್ಕೆ ಒಂದು ಹೊತ್ತು, ಹೋಗುವುದಕ್ಕೆ ಒಂದು ಹೊತ್ತು. ಬಂದರೆ ಊಟದ ತಟ್ಟೆ ಬಿಟ್ಟು ಓಡಬೇಕು. ಕರೆಂಟು ನಮಗೆ ನೆಂಟ. ಬಂದಾಗ ಸಂಭ್ರಮ, ಹೋದಾಗ ನಿಟ್ಟುಸಿರು. ಇಲ್ಲಿ ಭೂಮಿ ಮುಗಿದು ನೀರು ಶುರುವಾಗುವ ಜಾಗದಲ್ಲಿ, ಕುರಿ ಬಂದು ಮೈ ಉಜ್ಜಿಕೊಳ್ಳುವ ಕಂಬದೊಳಗೆ ಅದು ಸುಮ್ಮನೆ ಇದೆ. ಯಾರೂ 'ಬಂತು' ಎಂದು ಕೂಗುವುದಿಲ್ಲ. ಕರೆಂಟಿಗೆ ಕಾಯದ ಜನ ಆ ಹೊತ್ತಿನಲ್ಲಿ ಏನು ಮಾಡುತ್ತಾರೆ? ಪಕ್ಕದ ವ್ಯಾನಿನ ಗಂಡಹೆಂಡತಿ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ಸಮುದ್ರ ನೋಡುತ್ತಿದ್ದರು. ಎರಡು ಗಂಟೆ ಒಂದು ಮಾತೂ ಆಡಲಿಲ್ಲ. ಜಗಳವಾಗಿದೆ ಎಂದು ದೊಡ್ಡಮ್ಮ ತೀರ್ಮಾನಿಸಿದರು.

ಕೇಬಲ್ಲಿನ ಕೆಲಸ ದೊಡ್ಡಪ್ಪ ತಾವಾಗಿಯೇ ವಹಿಸಿಕೊಂಡರು. ಸಂಜೆ ಚುಚ್ಚುವುದು, ಬೆಳಿಗ್ಗೆ ಕಿತ್ತು ಬಾವಿ ಹಗ್ಗದ ಹಾಗೆ ಮೊಣಕೈಗೆ ಸುತ್ತುವುದು. ನನ್ನ ಕೆಲಸ ಬ್ಯಾಟರಿಯ ಮೀಟರು ನೋಡುವುದು. ಸಂಜೆ ನೋಡಿದಾಗಲೆಲ್ಲ ಅದು ತುಂಬಿ ತುಳುಕುತ್ತಿತ್ತು. ಈ ಮೋಡದ ದೇಶದಲ್ಲೂ ಸೋಲಾರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ ಎಂದು ನಾನು ಸಣ್ಣ ಭಾಷಣವನ್ನೇ ಮಾಡಿದೆ.

ಎರಡನೆಯ ಸಂಜೆ ದೊಡ್ಡಮ್ಮ ಫ್ರಿಜ್ಜಿನಿಂದ ಮೊಸರು ತೆಗೆದು ಬೆರಳಿಗೆ ಹಚ್ಚಿಕೊಂಡು ಚೀಪಿದರು.

"ಉಳಿ ಬಂದ್ಬುಟ್ಟದ ಕಣೆ."

"ಇಲ್ಲಿನ ಹಾಲೇ ಬೇರೆ ದೊಡ್ಡಮ್ಮ."

"ಆಲು ಬ್ಯಾರ ಆದ್ರ ಉಳಿ ಬ್ಯಾರ ಆದ್ದಾ? ನಿನ್ನ ಫ್ರಿಜ್ಜು ಬೆಚ್ಚುಗ್ ಅದ."

"ನೀವು ಗಳಿಗೆಗೊಮ್ಮೆ ಬಾಗಿಲು ತೆಗೀತೀರಿ. ಅದಕ್ಕೆ." ಹೊರಗಿನ ಚಳಿ, ಬಾಗಿಲಿನ ರಬ್ಬರು, ತುಂಬಿದ ಬ್ಯಾಟರಿ, ಮೂರು ಅಂಶಗಳಲ್ಲಿ ಫ್ರಿಜ್ಜು ಬೆಚ್ಚಗಿರುವುದು ಅಸಾಧ್ಯವೆಂದು ಸಾಧಿಸಿದೆ. ದೊಡ್ಡಮ್ಮ ಮೊಸರನ್ನು ಮಜ್ಜಿಗೆ ಮಾಡಿ, ಒಗ್ಗರಣೆ ಕೊಟ್ಟು ನನಗೇ ಬಡಿಸಿದರು.

ಹಡಗಿನಲ್ಲಿ

ಶುಕ್ರವಾರ ಅಲ್ಲಾಪೂಲ್ ಎಂಬ ಬಂದರಿನಿಂದ ಹಡಗು. ಹಡಗು ತನ್ನ ಮೂತಿಯನ್ನೇ ಬಾಗಿಲಿನಂತೆ ಮೇಲೆತ್ತಿ ಲಾರಿ, ಬಸ್ಸು, ಕಾರು, ನಮ್ಮ ವ್ಯಾನು ಎಲ್ಲವನ್ನೂ ನುಂಗಿತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡೇ ಒಳಗೆ ಹಿಡಿಯುತ್ತಿತ್ತು. ಗಾಡಿ ಬಿಟ್ಟು ಮೇಲಕ್ಕೆ ಹೋಗಿ ಎಂದರು. ನಾನು ಇಳಿದೆ, ದೊಡ್ಡಮ್ಮ ಇಳಿದರು. ದೊಡ್ಡಪ್ಪ ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದರು. ಟಕ್ ಎಂದಿತು.

"ಏನ್ ಮಾಡಿದ್ರಿ ದೊಡ್ಡಪ್ಪ?"

"ಬ್ಯಾಟ್ರಿ ಆಫ್ ಮಾಡ್ದಿ. ಬೆಳಿಗ್ಗೆ ಮರ್ತೋಗಿದ್ದಿ."

"ಬೆಳಿಗ್ಗೆ ಅಂದ್ರೆ? ದಿನಾ ಮಾಡ್ತೀರಾ?"

"ದಿನಾ ಮಾಡ್ದೆ ಎಂಗವ್ವ? ಒತ್ತಾರ ಆಫ್, ಸಂಜ ಆನ್. ಅಗಲೊತ್ತು ಬ್ಯಾಟ್ರಿ ತುಂಬ್ಕಬೇಡ್ವಾ?"

ಲೊಕ್ಕನಹಳ್ಳಿಯಲ್ಲಿ ಕಾಡಿನಂಚಿಗೆ ಹೊಲ ಇರುವವರು ಯಾರೂ ಬೇರೆ ಮಾತು ಹೇಳುವುದಿಲ್ಲ. ಅಲ್ಲಿ ಬ್ಯಾಟರಿ ಎಂದರೆ ಸೋಲಾರ್ ಬೇಲಿಯ ಬ್ಯಾಟರಿ. ಆನೆ, ಹಂದಿ ಬರುವುದು ಕತ್ತಲಾದ ಮೇಲೆ. ಆಗ ತಂತಿಗೆ ಝಟಕಾ ಬೇಕು. ಹಗಲು ದನ, ಜನ ಓಡಾಡುತ್ತಾರೆ. ಆಗ ಬೇಲಿ ಆರಿಸಿ ಬ್ಯಾಟರಿಯನ್ನು ಬಿಸಿಲಿಗೆ ಬಿಡಬೇಕು. ಇಷ್ಟು ವರ್ಷ ಬೆಳಗಾಗೆದ್ದು ದೊಡ್ಡಪ್ಪ ಮಾಡುವ ಮೊದಲ ಕೆಲಸ ಅದು. ಬಾಗಿಲ ಚಿಲಕ ಹಾಕಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಅದಕ್ಕೇ ಅವರೂ ಹೇಳಿರಲಿಲ್ಲ. ಇತ್ತ ನಾನು, ಮೀಟರು ನನ್ನ ಭಾಷಣಕ್ಕೆ ಒಪ್ಪಿಗೆಯಾಗುವ ಹಾಗೆ ತೋರಿಸುತ್ತಿದ್ದುದರಿಂದ, ಅದನ್ನೊಂದು ಪ್ರಶ್ನೆ ಕೇಳಿರಲಿಲ್ಲ. ಏನೂ ಓಡದಿದ್ದರೆ ಬ್ಯಾಟರಿ ತುಂಬದೆ ಏನಾಗುತ್ತದೆ?

ಫ್ರಿಜ್ಜು ತೆಗೆದೆ. ಒಳಗಿನ ದೀಪ ಹತ್ತಲಿಲ್ಲ. ಡಬ್ಬಿಯ ಟೇಪು ಹರಿದೆ. ಬಾಟಲಿಗಳ ನಡುವೆ ಮೋರಾಗ್ ಒಂದು ಪುಟ್ಟ ಉಷ್ಣಮಾಪಕ ಇಟ್ಟಿದ್ದಳು. ಒಳಗೆ ಅತಿ ಹೆಚ್ಚು ಎಷ್ಟು ಬಿಸಿಯಾಗಿತ್ತೋ ಅಲ್ಲಿಗೆ ಏರಿ ನಿಂತುಬಿಡುವ ಕೆಂಪು ಕಡ್ಡಿ ಅದರಲ್ಲಿತ್ತು. ದೊಡ್ಡಮ್ಮನ ಚಳಿಗೆಂದು ನಾವು ಹಗಲೆಲ್ಲ ಎಂಜಿನ್ನಿನ ಹೀಟರು ಹಾಕಿಕೊಂಡು ಓಡಾಡಿದ್ದೆವು. ಕಡ್ಡಿ ಗುರುತಿನ ಗೆರೆಯನ್ನು ದಾಟಿ ಎಷ್ಟೋ ಮೇಲೆ ನಿಂತಿತ್ತು.

ಮೇಲಿನ ಅಟ್ಟಣಿಗೆಯಲ್ಲಿ ಮೂವರೂ ಕಂಬಿ ಹಿಡಿದು ನಿಂತೆವು. ಉಷ್ಣಮಾಪಕ ನನ್ನ ಜೇಬಿನಲ್ಲಿತ್ತು. ಹಿಂದೆ ಬೆಟ್ಟಗಳು ಒಂದೊಂದಾಗಿ ನೀಲಿಯಾಗಿ, ಬೂದಿಯಾಗಿ ಕರಗುತ್ತಿದ್ದವು. ದೊಡ್ಡ ಬಿಳಿಯ ಹಕ್ಕಿಗಳು ಆಕಾಶದಿಂದ ರೆಕ್ಕೆ ಮಡಚಿಕೊಂಡು ಭರ್ಜಿ ಎಸೆದಂತೆ ನೀರಿಗೆ ಬೀಳುತ್ತಿದ್ದವು. ಎದೆಯಲ್ಲಿ ಕಲ್ಲು ಇಟ್ಟುಕೊಂಡೂ ಕಣ್ಣು ಅವುಗಳ ಹಿಂದೆಯೇ ಹೋಗುತ್ತದೆ ಎಂಬುದು ನನಗೆ ಅವತ್ತು ತಿಳಿಯಿತು.

ನಾನು ಮಾತು ಶುರು ಮಾಡಿದೆ. ರಾತ್ರಿಯೆಲ್ಲ ತಣ್ಣಗೇ ಇತ್ತಲ್ಲ. ಬಾಟಲಿ ನೋಡಿದರೆ ಏನೂ ಆದಹಾಗಿಲ್ಲ. ಲಸಿಕೆ ಕೆಟ್ಟಿದೆ ಎನ್ನುವುದಕ್ಕೆ ಪುರಾವೆ ಎಲ್ಲಿ? ಉಷ್ಣಮಾಪಕದ ಹಿಂದೆ ಒಂದು ಗುಂಡಿಯಿದೆ, ಒತ್ತಿದರೆ ಕಡ್ಡಿ ಕೆಳಗಿಳಿಯುತ್ತದೆ. ಒತ್ತುತ್ತೇನೆ ಅಂತಲ್ಲ, ಇದೆ ಅಂತ ಹೇಳಿದೆ.

"ಮಾತ್ಗೇನು, ಉಳಿ ಮೊಸ್ರನ್ನೂ ಕೆನೆ ಆಲು ಅಂತ ಗೆಲ್ಲಿಸ್ತೀಯ ನೀನು," ಎಂದರು ದೊಡ್ಡಮ್ಮ.

ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಒಂದ್ ವರ್ಷ ಕಾಲುಬಾಯಿ ಜ್ವರ ಬಂದಿತ್ತು," ಎಂದರು. "ಸಂತೇಲಿ ಯಾವನೋ ಔಷ್ದಿ ಮಾರ್ತಾ ಕೂತಿದ್ದ. ಡಬ್ಬದ ಐಸು ಕರ್ಗಿ ನೀರಾಗಿತ್ತು. ಏನಾಗಲ್ಲ ಬುಡಿ ಯಜಮಾನ್ರೇ ಅಂದ. ತಕಂಡು ಬಂದು ಚುಚ್ಚಿಸ್ದೊ. ಚುಚ್ಚಿಸ್ದೆ ಇದ್ದಿದ್ರ ಒಂದ್ ಕಣ್ಣ ಮಡ್ಗಿ ಕಾಯ್ತಿದ್ದೊ ಕಣವ್ವ. ಚುಚ್ಚಿಸೀವಿ ಅನ್ಕಂಡು ನೆಮ್ದಿಯಾಗಿ ಮಲಿಕಂಡೊ. ಮೂರ್ ಅಸ ಓದೊ. ಅವ್ನ ಔಷ್ದಿ ಕೊಲ್ನಿಲ್ಲ. ನಮ್ ನೆಮ್ದಿ ಕೊಲ್ತು."

ಉಷ್ಣಮಾಪಕವನ್ನು ಜೇಬಿನಲ್ಲೇ ಬಿಟ್ಟೆ. ಗುಂಡಿಯನ್ನು ಒತ್ತಲಿಲ್ಲ.

ಮರ್ಡೊನ ಮನೆ

ಲೂಯಿಸ್ ದ್ವೀಪದಲ್ಲಿ ಕಣ್ಣಳತೆಗೂ ಮರವಿಲ್ಲ. ಕಂದು ಬಯಲು, ಅದರ ಮೇಲೆ ಮಂಡಿಯೂರಿ ಕುಳಿತ ಆಕಾಶ. ಜನ ನೆಲವನ್ನೇ ಇಟ್ಟಿಗೆಗಳಂತೆ ಕೊಯ್ದು, ಒಣಗಿಸಿ, ಸೌದೆಯ ಬದಲು ಒಲೆಗೆ ಹಾಕುತ್ತಾರೆ. "ಮಣ್ಣು ಉರಿತದ! ಮಣ್ಣು!" ಎಂದು ದೊಡ್ಡಮ್ಮ ಒಂದು ಹೆಂಟೆ ಕೈಗೆ ತಗೊಂಡು ಮೂಸಿ ನೋಡಿದರು.

ಮರ್ಡೊ ಬಾಗಿಲಲ್ಲೇ ನಿಂತಿದ್ದ. ಆರಡಿಯ ಆಳು, ಬೂದುಬಣ್ಣದ ಸ್ವೆಟರು, ಕಾಲ ಬಳಿ ಕಪ್ಪು ನಾಯಿ. ಡಬ್ಬಿಗೆ ಕೈ ಚಾಚಿದ. ನಾನು ಬಾಯಿ ತೆರೆದೆ.

"ನಾನ್ ಏಳ್ತೀನಿ," ಎಂದು ದೊಡ್ಡಪ್ಪ ಮುಂದೆ ಬಂದರು. "ನೀನು ಅವ್ರ ಭಾಷ್ಗ ಆಕು, ಅಷ್ಟೇಯ. ಒಂದ್ ಅಕ್ಸರ ಸೇರಿಸ್ಬೇಡ, ಲಾಯರಮ್ಮ."

ಅವರು ಮರ್ಡೊನ ಮುಖ ನೋಡಿಕೊಂಡು ಹೇಳಿದರು: ಔಷಧಿ ಬಿಸಿಯಾಗಿದೆ. ಸ್ವಿಚ್ಚು ಆರಿಸಿದವನು ನಾನು. ಗೊತ್ತಿಲ್ಲದೆ ಮಾಡಿದೆ, ಆದರೆ ಮಾಡಿದವನು ನಾನು. ಇದನ್ನು ಕುರಿಗೆ ಹಾಕಬೇಡಿ. ಹಾಗೆಯೇ ತಿರುಗಿಸಿ ಹೇಳಿದೆ. ನಡುವೆ 'ಪರಿಸ್ಥಿತಿಯನ್ನು ಗಮನಿಸಿದರೆ' ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ನನ್ನ ಜೀವನದ ಅತಿ ಕಷ್ಟದ ಭಾಷಣ ಅದು.

ಮರ್ಡೊ ನನ್ನತ್ತ ನೋಡಲೇ ಇಲ್ಲ. ದೊಡ್ಡಪ್ಪನನ್ನೇ ನೋಡುತ್ತಿದ್ದ. ಉಷ್ಣಮಾಪಕವನ್ನು ತಿರುಗಿಸಿ ಕೆಂಪು ಕಡ್ಡಿ ನೋಡಿದ. ಒಂದೇ ಒಂದು ಪ್ರಶ್ನೆ ಕೇಳಿದ: ಬ್ಯಾಟರಿಯನ್ನು ಯಾಕೆ ಹಗಲು ಆರಿಸಿದಿರಿ?

"ಆನ ಬೇಲಿ," ಎಂದರು ದೊಡ್ಡಪ್ಪ.

"ಆನೆ?" ಮರ್ಡೊ ಈಗ ನನ್ನ ಕಡೆ ತಿರುಗಿದ. "ನಿಮ್ಮ ಹೊಲಕ್ಕೆ ಆನೆ ಬರುತ್ತದೆಯೇ?"

"ದಿನಾ ಬರಲ್ಲ ಅಂತ ಏಳು," ಎಂದರು ದೊಡ್ಡಪ್ಪ. "ವಾರ್ದಲ್ಲಿ ನಾಕ್ ದಿನ."

ಮರ್ಡೊ ಕುರ್ಚಿಯ ಮೇಲೆ ಕುಳಿತ. ಸಮುದ್ರ, ಹಡಗು, ಉರಿಯುವ ಮಣ್ಣು ಎಲ್ಲಕ್ಕೂ ನಾವು ಮಾಡಿದ್ದ ಮುಖ ಈಗ ಅವನ ಮೇಲೆ ಬಂದಿತ್ತು. ತನ್ನ ಕುರಿಮರಿಯ ಶತ್ರು ಹದ್ದು ಎಂದ. ಸ್ವಲ್ಪ ನಾಚಿಕೊಂಡೇ ಹೇಳಿದ ಹಾಗಿತ್ತು.

ಆಮೇಲೆ ಎದ್ದು ಬಾಟಲಿಗಳನ್ನು ಪಕ್ಕಕ್ಕೆ ಎತ್ತಿಟ್ಟು ಫೋನು ತಗೊಂಡ. ಅವರ ಭಾಷೆ ಇಂಗ್ಲಿಷಲ್ಲ, ದ್ವೀಪದ ಗೇಲಿಕ್, ನನಗೂ ಅರ್ಥವಾಗಲಿಲ್ಲ. ಅರ್ಧ ಗಂಟೆಯೊಳಗೆ ಅಕ್ಕಪಕ್ಕದ ಮನೆಗಳವರು ಬಂದರು. ಮುಂದಿನ ವಾರ ತಮ್ಮ ಕುರಿಗಳಿಗೆಂದು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದ ಬಾಟಲಿಗಳನ್ನು ತಂದು ಮರ್ಡೊನ ಫ್ರಿಜ್ಜಿಗೆ ಹಾಕಿ ಹೋದರು. ಕೊಟ್ಟವರ ಕುರಿಗೆ ಮುಂದೆ ಏನು ಗತಿ ಎಂದು ನಾನು ಕೇಳಿದೆ.

"ನನ್ನ ಕುರಿ ಮೊದಲು ಮರಿ ಹಾಕುತ್ತವೆ," ಎಂದ ಮರ್ಡೊ. "ಅವರಿಗೆ ನಾನು ಆಮೇಲೆ ಕೊಡುತ್ತೇನೆ."

"ಮುಯ್ಯಿ," ಎಂದರು ದೊಡ್ಡಮ್ಮ. "ನಮ್ ಒಲಕ ನೀವು, ನಿಮ್ ಒಲಕ ನಾವು. ಇದೂ ಅದ್ಯಾ ಇಲ್ಲಿ!"

ಆದರೂ ಎಲ್ಲ ಕುರಿಗೂ ಸಾಲುವಷ್ಟು ಇರಲಿಲ್ಲ. ಮುಂದಿನ ದಾಸ್ತಾನು ಯಾವಾಗ ಬರುತ್ತದೆಂದು ಯಾರಿಗೂ ಖಚಿತವಿರಲಿಲ್ಲ.

ಶನಿವಾರ

ಬೆಳಿಗ್ಗೆ ಊರಿಗೆ ಊರೇ ಗುಡ್ಡ ಹತ್ತಿತು. ದೂರದೂರ ನಿಂತು ಸಿಳ್ಳೆ ಹಾಕಿದರು. ನಾಯಿಗಳು ಹೊಟ್ಟೆ ನೆಲಕ್ಕಂಟಿಸಿ ಓಡಿದವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂದು ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಚುಕ್ಕೆ, ಹತ್ತು ಚುಕ್ಕೆ, ಆಮೇಲೆ ಪಾತ್ರೆಯ ಅಂಚು ಮೀರಿ ಹಾಲು ಉಕ್ಕಿದ ಹಾಗೆ ಇಡೀ ಮಂದೆ ಇಳಿಯಿತು. ಯಾರೂ ಕೂಗಲಿಲ್ಲ, ಕೋಲೆತ್ತಲಿಲ್ಲ. ಒಂದು ಸಿಳ್ಳೆಗೆ ನಾಯಿ ಕುಳಿತರೆ ಮಂದೆಯೇ ನಿಲ್ಲುತ್ತದೆ, ಇನ್ನೊಂದು ಸಿಳ್ಳೆಗೆ ಮಂದೆಯೇ ತಿರುಗುತ್ತದೆ. ದೊಡ್ಡಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಚಳಿಯ ಅರಿವೇ ಇಲ್ಲದವರ ಹಾಗೆ.

ಕಲ್ಲಿನ ದೊಡ್ಡಿಯಲ್ಲಿ ಮರ್ಡೊ ಒಂದೊಂದೇ ಕುರಿಯ ಹೊಟ್ಟೆ ಮುಟ್ಟಿ ನೋಡಿ, ಬೇಗ ಮರಿ ಹಾಕುವವಕ್ಕೆ ಮೊದಲು ಚುಚ್ಚುತ್ತ ಬಂದ. ಬಾಟಲಿ ಮುಗಿಯಿತು. ಕುರಿ ಉಳಿದವು. ಆಗ ಅವನು ಜೇಬಿನಿಂದ ದಪ್ಪನೆಯ ನೀಲಿ ಬಣ್ಣದ ಕಡ್ಡಿ ತೆಗೆದು, ಸೂಜಿ ಬೀಳದ ಒಂದು ಕುರಿಯ ಬೆನ್ನ ಮೇಲೆ ಉದ್ದಕ್ಕೆ ಎಳೆದ.

"ಇವುಗಳ ಮರಿಗಳ ಮೇಲೆ ಕಣ್ಣಿಡಬೇಕು," ಎಂದ.

ನಾನು ತಿರುಗಿಸಿ ಹೇಳುವ ಮೊದಲೇ ದೊಡ್ಡಪ್ಪ ಕೈ ಚಾಚಿದ್ದರು. ಮರ್ಡೊ ಕ್ಷಣ ಯೋಚಿಸಿ, ಬಣ್ಣದ ಕಡ್ಡಿಯನ್ನು ಅವರ ಅಂಗೈಗೆ ಇಟ್ಟ. ಉಳಿದ ಕುರಿಗಳಿಗೆಲ್ಲ ದೊಡ್ಡಪ್ಪನೇ ಗುರುತು ಹಾಕಿದರು. ಎಡಗೈಯಲ್ಲಿ ಗದ್ದ ಹಿಡಿದು, "ನಿಲ್ಲವ್ವ, ನಿಲ್ಲು, ಆಯ್ತು" ಎಂದು ಕನ್ನಡದಲ್ಲಿ ಸಮಾಧಾನ ಮಾಡುತ್ತ, ಒಂದನ್ನೂ ಬಿಡದೆ, ಗೆರೆ ಎಲ್ಲೂ ತುಂಡಾಗದ ಹಾಗೆ. ಬೆರಳು, ಅಂಗಿಯ ತೋಳು, ಮೀಸೆ ಎಲ್ಲ ನೀಲಿಯಾಯಿತು.

ಚುಚ್ಚಿಸಿಕೊಂಡ ಕುರಿಗಳನ್ನು ಗುಡ್ಡಕ್ಕೆ ಬಿಟ್ಟರು. ನೀಲಿ ಬೆನ್ನಿನವನ್ನು ಮನೆಯ ಕೆಳಗಿನ ಹುಲ್ಲಿನಲ್ಲೇ ಉಳಿಸಿಕೊಂಡರು, ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗೆ.

ಮರುದಿನ ಭಾನುವಾರ. ಆ ದ್ವೀಪದಲ್ಲಿ ಭಾನುವಾರ ಯಾರೂ ಕೆಲಸ ಮಾಡುವುದಿಲ್ಲ. ಹಗ್ಗದ ಮೇಲೆ ಒಂದು ಬಟ್ಟೆಯೂ ಒಣಗುವುದಿಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಎಲ್ಲೂ ಕೇಳಿಲ್ಲ. ಎದ್ದು ಕಿಟಕಿಯಲ್ಲಿ ನೋಡಿದರೆ ಮರ್ಡೊ ಕೈ ಹಿಂದೆ ಕಟ್ಟಿಕೊಂಡು ನೀಲಿ ಬೆನ್ನುಗಳ ನಡುವೆ ನಿಧಾನವಾಗಿ ನಡೆಯುತ್ತಿದ್ದ. ಅವನ ಪಕ್ಕದಲ್ಲಿ, ಅವನದೇ ಹಳೆಯ ಬೂಟು ಹಾಕಿಕೊಂಡು, ದೊಡ್ಡಪ್ಪ. ಒಬ್ಬರು ಏನೋ ಹೇಳಿ ಒಂದು ಕುರಿಯನ್ನು ತೋರಿಸುತ್ತಿದ್ದರು, ಇನ್ನೊಬ್ಬರು ತಲೆಯಾಡಿಸಿ ಬೇರೊಂದನ್ನು ತೋರಿಸುತ್ತಿದ್ದರು.

"ಓಗವ್ವ," ಎಂದರು ದೊಡ್ಡಮ್ಮ, "ಅವ್ರ ಮಾತು ಇವ್ರಿಗ ತಿಳೀಬೇಡ್ವಾ?"

ನಾನು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದೆ. ಒಂದು ಕುರಿ ಮುಂಗಾಲು ಮಡಚಿ ಮಲಗಿತು. ಇಬ್ಬರೂ ಒಟ್ಟಿಗೇ ನಿಂತು, ಒಟ್ಟಿಗೇ ಬಗ್ಗಿ ಅದರ ಹೊಟ್ಟೆಯ ಮೇಲೆ ಕೈಯಿಟ್ಟರು. ನಾನು ಹೊಸಿಲಲ್ಲೇ ನಿಂತೆ.